ನೆಲದಡಿ ಪಾಳಿ, ನೆಲದ ಮೇಲೆ ಪಾಠ

ಕೆಜಿಎಫ್ ಎಂದೊಡನೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. ನನ್ನ ಮೊಮ್ಮಗನೂ ಒಮ್ಮೆ, "ತಾತ, ನಿಮ್ಮೂರಲ್ಲಿ ಎಲ್ಲರ ಹತ್ರನೂ ಬಂದೂಕು ಇತ್ತಾ?" ಎಂದು ಕೇಳಿದ. "ಇಲ್ಲ ಕಣೋ, ಎಲ್ಲರ ಕೈಯಲ್ಲೂ ಊಟದ ಡಬ್ಬಿ ಇತ್ತು" ಎಂದೆ. ಅವನಿಗೆ ನಿರಾಸೆಯಾಯಿತು. ಆ ಡಬ್ಬಿಗಳಲ್ಲಿ ಅರ್ಧ ಗಣಿಗೆ ಹೋಗುತ್ತಿದ್ದವು, ಇನ್ನರ್ಧ ಶಾಲೆಗೆ. ಇವತ್ತು ನಾನು ಹೇಳುವುದು ಶಾಲೆಗೆ ಹೋದ ಡಬ್ಬಿಗಳ ಕತೆ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ, ಉರಿಗಾಂ ದಾಟಿದ ಮೇಲೆ ಚಾಂಪಿಯನ್ ಸ್ಟೇಷನ್ ಬರುತ್ತದೆ. ಇದೇ ಚಾಂಪಿಯನ್ ರೀಫ್ಸ್. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರು. ಈ ಹಳಿ ಹಾಕಿದ್ದು 1894ರಲ್ಲಿ. ಅದಕ್ಕೂ ಮೊದಲೇ, 1880ರಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಕೈ ಹಾಕಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. ನಮ್ಮೂರಿನವರು ಇದನ್ನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಆದರೆ ಆ ಕರೆಂಟು ಬಂದಿದ್ದು ಯಂತ್ರಗಳಿಗಾಗಿ. ತಟ್ಟಿ ಕಟ್ಟಿದ ಕೂಲಿ ಲೈನಿನ ಮನೆಗಳಲ್ಲಿ ಬಹಳ ಕಾಲ ಉರಿದಿದ್ದು ಸೀಮೆಎಣ್ಣೆ ಬುಡ್ಡಿಯೇ.

ಶಾಲೆಗಳ ಕತೆಯೂ ಹಾಗೆಯೇ. ಕಂಪನಿ 1901ರಲ್ಲಿ ಮೊದಲ ಶಾಲೆ ತೆರೆದದ್ದು ನಂದಿದುರ್ಗ ಗಣಿಯ ಬಳಿ, ಬ್ರಿಟಿಷ್ ಮತ್ತು ಯುರೋಪಿಯನ್ ನೌಕರರ ಮಕ್ಕಳಿಗೆ. 1904ರ ಜನವರಿಯಲ್ಲಿ ಚಾಂಪಿಯನ್ ರೀಫ್ಸ್‌ನಲ್ಲಿ ಸೇಂಟ್ ಜೋಸೆಫ್ ಕಾನ್ವೆಂಟ್ ಶುರುವಾಯಿತು, 22 ಹುಡುಗಿಯರಿಂದ. ಅವರೂ ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳೇ. ಕೇಜಿನಲ್ಲಿ ಕೆಳಗಿಳಿದು ಬಂಡೆ ಕೊರೆಯುತ್ತಿದ್ದವರ ಮಕ್ಕಳು ಬೆಂಚಿನ ಮೇಲೆ ಕೂರುವುದಕ್ಕೆ ಇನ್ನೂ ಕಾಯಬೇಕಿತ್ತು.

ಹಾಗೆಂದು ಅವರ ಅಪ್ಪ ಅಮ್ಮಂದಿರಿಗೆ ಅಕ್ಷರದ ಆಸೆ ಇರಲಿಲ್ಲ ಎಂದುಕೊಳ್ಳಬೇಡಿ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಈ ಜನ ಓದು ಬಲ್ಲವರನ್ನು ನಡುವೆ ಕೂರಿಸಿಕೊಂಡು ಪತ್ರಿಕೆ ಓದಿಸಿ ಕೇಳಿದವರು. ಅಯೋತ್ತಿದಾಸ ಪಂಡಿತರು ಮದ್ರಾಸಿನಲ್ಲಿ ಆರಂಭಿಸಿದ್ದ 'ತಮಿಳನ್' ವಾರಪತ್ರಿಕೆ ಅವರ ಕಾಲಾನಂತರ, 1920ರ ದಶಕದಲ್ಲಿ, ಮತ್ತೆ ಹೊರಟಿದ್ದು ಈ ಚಾಂಪಿಯನ್ ರೀಫ್ಸ್‌ನಿಂದಲೇ. ಗಣಿ ಕೂಲಿಗಳ ಊರಿನಿಂದ ಒಂದು ವಾರಪತ್ರಿಕೆ! ಚಿನ್ನದ ಲೆಕ್ಕ ಬರೆಯುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು. 1962ರಲ್ಲಿ ಕೇಂದ್ರ ಸರಕಾರದ ಕೈಗೆ. ನಾನು ಹೈಸ್ಕೂಲು ಸೇರಿದ್ದು ಅದರ ಮರುವರ್ಷ. ಒಂದೇ ಬೆಂಚಿನಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು, ಕನ್ನಡ. ಕಾವಲು ಕೆಲಸಕ್ಕೆ ಬಂದಿದ್ದ ಪಂಜಾಬಿಯೊಬ್ಬರ ಮಗ ನಮಗಿಂತ ಚೆನ್ನಾಗಿ ತಮಿಳು ಬೈಗುಳ ಕಲಿತಿದ್ದ. ಕನ್ನಡ ಮೇಷ್ಟ್ರಿಗೆ ಪಾಪ, ಅರ್ಧ ತರಗತಿಗೆ ಒತ್ತಕ್ಷರದಿಂದ ಶುರು ಮಾಡಬೇಕಿತ್ತು. ಒಬ್ಬರನ್ನೂ ಹೀಯಾಳಿಸಿದವರಲ್ಲ ಅವರು. "ನಿಮ್ಮಪ್ಪ ಬಂಡೆ ಒಡೀತಾರೆ, ನೀನು ಒತ್ತಕ್ಷರ ಒಡೆಯೋಕಾಗಲ್ವೇನಪ್ಪ?" ಎಂದು ನಗಿಸಿಯೇ ಕಲಿಸಿದರು.

ಶಾಲೆಯ ಗಂಟೆಗಿಂತ ನಮಗೆ ಗಣಿಯ ಸೈರನ್ನೇ ಗಟ್ಟಿ. ಊರು ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಅದರ ಮೇಲೆಯೇ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಒಂದೇ ಕೋಣೆಯ ಲೈನು ಮನೆಯಲ್ಲಿ ಹಗಲು ಮಲಗಿರುವಾಗ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುವಂತಿರಲಿಲ್ಲ. ಅದಕ್ಕೇ ನಮ್ಮೂರಿನ ಹುಡುಗರು ರಜೆಯಲ್ಲೂ ಶಾಲೆಯ ಜಗಲಿಗೆ ಬಂದು ಓದುತ್ತಿದ್ದರು. ಬೇಸಿಗೆಯಲ್ಲಿ ಗಾಳಿ ಎದ್ದರೆ ಸೈನೈಡ್ ದಿಬ್ಬದ ಪುಡಿ ಕಿಟಕಿಯಿಂದ ಒಳಗೆ. ಚಿನ್ನ ತೆಗೆದು ಉಳಿದ ಬಂಡೆಹಿಟ್ಟು ಅದು, ನೋಡಲು ಮರಳುಗುಡ್ಡದ ಹಾಗೆ. ಬೆಂಚು, ಪುಸ್ತಕ, ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು.

ಇನ್ನು ಏರ್‌ಬ್ಲಾಸ್ಟು. ಮಕ್ಕಳೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳ ಹೋಗಿತ್ತು, ಆಗಿನ ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತದೆ. ತಂಪು ಗಾಳಿ ತಳ್ಳದಿದ್ದರೆ ಮನುಷ್ಯ ನಿಲ್ಲಲಾರ. ಮೇಲಿನ ಬೆಟ್ಟದಷ್ಟು ಭಾರ ಬಂಡೆಯನ್ನು ಹಿಂಡುತ್ತಿರುತ್ತದೆ. ನಡುವಿನ ಅದಿರನ್ನು ತೆಗೆದು ಖಾಲಿ ಮಾಡಿದಾಗ ಉಳಿದ ಬಂಡೆ ಆ ಒತ್ತಡ ತಾಳದೆ ಒಮ್ಮೆಲೇ ಸಿಡಿಯುತ್ತದೆ. ಪುಸ್ತಕದಲ್ಲಿ ರಾಕ್ ಬರ್ಸ್ಟ್ ಎನ್ನುತ್ತಾರೆ. ಮೇಲೆ ನೆಲ ನಡುಗುತ್ತದೆ.

ಗಣಿತದ ಪಾಠ ನಡೆಯುವಾಗ ಬೆಂಚು ನಡುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಯಾರ್ಯಾರ ಅಪ್ಪ ಈಗ ಡ್ಯೂಟೀಲಿದಾರೆ?" ಎಂದರು. ಹತ್ತು ಹನ್ನೆರಡು ಕೈ ಮೇಲೆದ್ದವು. ಜವಾನನನ್ನು ಶಾಫ್ಟಿನ ಗೇಟಿಗೆ ಓಡಿಸಿದರು. ಅವನು ತಿರುಗಿ ಬರುವವರೆಗೆ ಯಾರೂ ಮಾತಾಡಲಿಲ್ಲ. ಹೊರಗೆ ಹೆಂಗಸರು ಓಡುವ ಸದ್ದು ಕೇಳುತ್ತಿತ್ತು. ಆ ದಿನ ಎಲ್ಲರೂ ಮೇಲೆ ಬಂದರು. ಬಾರದ ದಿನಗಳೂ ಇದ್ದವು. ಆಗ ಶಾಲೆಯೇ ಕಾಸು ಕೂಡಿಸಿ ಆ ಹುಡುಗನ ಪರೀಕ್ಷೆ ಫೀಸು ಕಟ್ಟುತ್ತಿತ್ತು. ಯಾರು ಎಷ್ಟು ಹಾಕಿದರೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಜೀವಮಾನವಿಡೀ ಲೆಡ್ಜರು ಬರೆದ ನನಗೆ ಮಾತ್ರ ಆ ಲೆಕ್ಕ ಮರೆತಿಲ್ಲ.

ಅದೇ ಕಾಲಕ್ಕೆ, 1965ರಲ್ಲಿ, ನಮ್ಮ ಬೆಂಚುಗಳ ಕೆಳಗೆ ಇನ್ನೊಂದು ಸಂಗತಿ ನಡೆದಿತ್ತು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ 7,500 ಅಡಿ ಆಳದಲ್ಲಿ ಉಪಕರಣ ಹೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಇದನ್ನು ಕಂಡ ಪ್ರಪಂಚದ ಮೊದಲಿಗರಲ್ಲಿ ಅವರೂ ಸೇರಿದರು. ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ವಿಜ್ಞಾನದಲ್ಲಿ ಇನ್ನಷ್ಟು ಅಂಕ ಬರುತ್ತಿತ್ತೇನೋ!

ಬಿ.ಕಾಂ. ಮುಗಿಸಿ ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಾಗ ಶಾಲೆಯನ್ನು ಇನ್ನೊಂದು ಕಡೆಯಿಂದ ನೋಡಿದೆ. ಖಾತೆ ತೆರೆಯಲು ಬರುವ ಹಳೆಯ ಕಾರ್ಮಿಕರದು ಹೆಬ್ಬೆಟ್ಟು. ಒಮ್ಮೆ ಒಬ್ಬರು ಇಂಕಿನ ಪ್ಯಾಡು ಮುಂದಿಟ್ಟರೆ ಮುಟ್ಟಲೇ ಇಲ್ಲ. "ಪೆನ್ನು ಕೊಡಿ ಸಾರ್" ಎಂದರು. ಪಕ್ಕದಲ್ಲಿ ಎಂಟನೇ ಕ್ಲಾಸಿನ ಮಗಳು, ಎರಡು ಜಡೆ, ಯೂನಿಫಾರ್ಮು. ಡ್ರಿಲ್ಲು ಹಿಡಿದು ಹಿಡಿದು ಮರಗಟ್ಟಿದ ಬೆರಳು ಪೆನ್ನಿಗೆ ಬಗ್ಗುತ್ತಿರಲಿಲ್ಲ. ಅವಳು ಮೆಲ್ಲಗೆ, "ಅಪ್ಪಾ, ಮೇಲಿಂದ ಕೆಳಕ್ಕೆ" ಎನ್ನುತ್ತಿದ್ದಳು. ಮೂರು ಕಾರ್ಡು ಹಾಳಾದವು. ನಾಲ್ಕನೆಯದರಲ್ಲಿ ಹೆಸರು ಮೂಡಿತು. ಹಿಂದೆ ಸಾಲಿನಲ್ಲಿ ನಿಂತವರು ಒಬ್ಬರೂ ಗೊಣಗಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೆಲವೇ ವಾರ ಉಳಿದಿದ್ದವು. ಅಪ್ಪನಿಗೆ ಕೆಲಸ ಹೋದ ಮನೆಯಲ್ಲಿ ಮಗ ಓದಲಿ, ದುಡಿಯಲಿ? ಕೌಂಟರಿನಲ್ಲಿ ನಾನು ಕಂಡಂತೆ, ಎಷ್ಟೋ ಜನ ಕೈಗೆ ಬಂದ ಹಣದಲ್ಲಿ ಮೊದಲು ಪಾಲು ತೆಗೆದಿಟ್ಟದ್ದು ಮಕ್ಕಳ ಫೀಸಿಗೆ. ಒಬ್ಬ ತಾಯಿ ಪಾಸ್‌ಬುಕ್ಕನ್ನು ಸೀರೆಯ ಸೆರಗಿನಲ್ಲಿ ಸುತ್ತಿ, "ಇದು ಮುಟ್ಟೋ ದುಡ್ಡಲ್ಲ ಸಾರ್, ಇವಳು ಟೀಚರಾಗೋ ದುಡ್ಡು" ಎಂದರು. ಓದು ಬಿಟ್ಟು ಗ್ಯಾರೇಜು ಸೇರಿದ ಹುಡುಗರೂ ಇದ್ದರು. ಅವರಿಗೇನು ಬುದ್ಧಿ ಕಡಿಮೆ ಇರಲಿಲ್ಲ.

ಈಗ ಸೈರನ್ನಿಲ್ಲ. ನಸುಕಿನಲ್ಲಿ ಊರನ್ನು ಎಬ್ಬಿಸುವುದು ಮಾರಿಕುಪ್ಪಂನಿಂದ ಹೊರಡುವ ರೈಲು. ಚಾಂಪಿಯನ್ ಸ್ಟೇಷನ್ನಿನಲ್ಲಿ ಡಬ್ಬಿ ಹಿಡಿದು ನಿಂತವರಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಎಷ್ಟೋ ಜನ. ಬೆಂಗಳೂರಿನ ಆಫೀಸು, ಆಸ್ಪತ್ರೆ, ಕಾರ್ಖಾನೆಗಳಿಗೆ ಹೊರಟವರು. ಸೀಟು ಸಿಕ್ಕವರು ಒಂದು ನಿದ್ದೆ ತೆಗೆಯುತ್ತಾರೆ. ಕಾಲೇಜು ಹುಡುಗಿಯರು ಮಾತ್ರ ಬಂಗಾರಪೇಟೆ ಬರುವವರೆಗೂ ನೋಟ್ಸು ತಿರುವುತ್ತಿರುತ್ತಾರೆ.