ಭರಣಿಯೊಳಗೊಂದು ಪುಟ್ಟ ತೋಟ

"ನಮಗೆ ಗಿಡ ಬೆಳೆಸೋ ಯೋಗವೇ ಇಲ್ಲ ಕಣ್ರೀ" ಎಂದು ಕೊರಗುವ ಗೃಹಿಣಿಯರು ಎಲ್ಲ ಊರಿನಲ್ಲೂ ಇದ್ದಾರೆ. ಅವರು ಹೇಳುವ ಕಾರಣಗಳೂ ಸುಳ್ಳಲ್ಲ. ಬಾಡಿಗೆ ಮನೆ, ಅಂಗಳವೆಂದರೆ ಒಂದು ರಂಗೋಲಿ ಇಡುವಷ್ಟು ಜಾಗ. ತಾರಸಿಯಲ್ಲಿ ಕುಂಡವಿಟ್ಟರೆ ಸೋರುತ್ತದೆಂದು ಮಾಲೀಕರ ತಕರಾರು. ಯಜಮಾನರದೋ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ನೌಕರಿ. ಇಷ್ಟರ ನಡುವೆಯೂ ಆಸೆಪಟ್ಟು ನಾಲ್ಕು ಕುಂಡ ಇಟ್ಟುಕೊಂಡರೆ, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಒಣಗಿ ಕಡ್ಡಿಯಾಗಿರುತ್ತವೆ. ಕೊನೆಗೆ "ನನ್ನ ಕೈಗುಣವೇ ಸರಿಯಿಲ್ಲ" ಎಂದು ತಮ್ಮನ್ನು ತಾವೇ ದೂರಿಕೊಂಡು ಸುಮ್ಮನಾಗಿಬಿಡುತ್ತಾರೆ.

ಕೈಗುಣದ ಮಾತು ಹಾಗಿರಲಿ. ಅಂಗಳ ಬೇಡದ, ದಿನಾ ನೀರು ಬೇಡದ, ತಿಂಗಳು ಮನೆಗೆ ಬೀಗ ಹಾಕಿದರೂ ಮುನಿಸಿಕೊಳ್ಳದ ತೋಟವೊಂದಿದೆ. ಅದನ್ನು ಗಾಜಿನ ಭರಣಿಯೊಳಗೆ ಬೆಳೆಸಬೇಕು. ಇದಕ್ಕೆ 'ಟೆರೇರಿಯಂ' ಎಂದು ಹೆಸರು. ಅಕ್ವೇರಿಯಂನಲ್ಲಿ ನೀರು, ಮೀನು ಇರುವಂತೆ ಇದರಲ್ಲಿ ಮಣ್ಣು, ಗಿಡ. ದೊಡ್ಡ ಊರಿನ ಅಂಗಡಿಗಳಲ್ಲಿ ಇದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಬೇಕಾದ ಸಾಮಾನುಗಳಲ್ಲಿ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಇವೆ.

ಲಂಡನ್ ವೈದ್ಯನ ಬಾಟಲಿ

ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಜರಿಗಿಡಗಳೆಂದರೆ ಅವನಿಗೆ ಪ್ರಾಣ. ಆದರೆ ಕಾರ್ಖಾನೆಗಳ ಹೊಗೆಗೆ ಅವನ ಹಿತ್ತಲಿನ ಜರಿಗಿಡಗಳೆಲ್ಲ ಸತ್ತುಹೋಗುತ್ತಿದ್ದವು. 1829ರಲ್ಲಿ ಅವನು ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹುದುಗಿಸಿ, ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಪತಂಗ ಹೊರಬರುವುದನ್ನು ನೋಡಬೇಕೆಂಬುದು ಅವನ ಆಸೆ. ಅದಕ್ಕೂ ಮೊದಲೇ ಆ ಮಣ್ಣಿನಲ್ಲಿ ಒಂದು ಜರಿಗಿಡ, ಒಂದು ಹುಲ್ಲಿನೆಸಳು ತಾವಾಗಿ ಚಿಗುರಿದವು! ಹೊಗೆಯ ಊರಿನಲ್ಲಿ ಬದುಕದ ಗಿಡ ಮುಚ್ಚಿದ ಬಾಟಲಿಯಲ್ಲಿ ಬದುಕಿತು. ಕಿಟಕಿಯ ಹೊರಗಿಟ್ಟ ಆ ಬಾಟಲಿಯಲ್ಲಿ, ಹನಿ ನೀರು ಹಾಕದೆ, ಅವೆರಡೂ ಮೂರು ವರ್ಷಕ್ಕೂ ಮೀರಿ ಬಾಳಿದವು.

ಸತ್ತದ್ದು ಹೇಗೆ ಗೊತ್ತೇ? ವಾರ್ಡ್ ಊರಲ್ಲಿಲ್ಲದಾಗ ಬಾಟಲಿಯ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗೆ ಇಳಿಯಿತು. ನೀರಿಲ್ಲದೆ ಸಾಯದ ಗಿಡ ನೀರು ಹೆಚ್ಚಾಗಿ ಸತ್ತಿತು. ಸೋದರಿಯರೇ, ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ವಾರ್ಡ್ ಮುಂದೆ ಗಾಜಿನ ಪೆಟ್ಟಿಗೆಗಳನ್ನೇ ಮಾಡಿಸಿದ. 1833ರಲ್ಲಿ ಎರಡು ಪೆಟ್ಟಿಗೆ ಗಿಡಗಳು ಹಡಗಿನ ಮೇಲೆ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಆಸ್ಟ್ರೇಲಿಯದ ಸಿಡ್ನಿಯನ್ನು ಜೀವಂತವಾಗಿ ಸೇರಿದವು. ಮುಂದೆ ರಾಬರ್ಟ್ ಫಾರ್ಚೂನ್ ಎಂಬಾತ ಚೀನಾದ ಚಹಾ ಸಸಿಗಳನ್ನು ನಮ್ಮ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ, 1850ರ ಆಸುಪಾಸಿನಲ್ಲಿ.

ಭರಣಿಯೊಳಗೆ ನಡೆಯುವುದೇನು?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ದಿನವೂ ನೋಡುತ್ತೀರಿ. ಭರಣಿಯಲ್ಲೂ ಅದೇ ನಡೆಯುತ್ತದೆ, ಒಲೆ ಮಾತ್ರ ಇಲ್ಲ. ಬೇರು ಕುಡಿದ ನೀರು ಎಲೆಗಳ ಮೂಲಕ ಆವಿಯಾಗಿ ಹೊರಬರುತ್ತದೆ. ಗಾಜಿಗೆ ತಾಕಿ ತಣ್ಣಗಾಗಿ, ಹನಿಗೂಡಿ, ಮತ್ತೆ ಮಣ್ಣಿಗೇ ಇಳಿಯುತ್ತದೆ. ಗಾಳಿಯದೂ ಇದೇ ಲೆಕ್ಕ. ಹಗಲು ಬೆಳಕಿನಲ್ಲಿ ಎಲೆಗಳು ಇಂಗಾಲಾಮ್ಲವನ್ನು ಹೀರಿ ಆಮ್ಲಜನಕ ಬಿಡುತ್ತವೆ. ಉದುರಿದ ಎಲೆ ಮಣ್ಣಿನಲ್ಲಿ ಕೊಳೆಯುವಾಗ ಇಂಗಾಲಾಮ್ಲ ಮತ್ತೆ ಹುಟ್ಟುತ್ತದೆ. ಹೀಗೆ ಒಳಗಿದ್ದದ್ದೇ ಸುತ್ತಿ ಸುತ್ತಿ ಬರುವುದರಿಂದ ಹೊರಗಿನಿಂದ ನಾವು ಕೊಡಬೇಕಾದದ್ದು ಬಹಳ ಕಡಿಮೆ.

ಬೇಕಾಗುವ ಸಾಮಾನುಗಳು

ಅಗಲ ಬಾಯಿಯ, ಬಣ್ಣವಿಲ್ಲದ ಗಾಜಿನ ಭರಣಿ, ಮುಚ್ಚಳ ಸಮೇತ – 1 (ಸುಮಾರು 4 ಲೀಟರು ಹಿಡಿಯುವಂಥದು)
ಕಡಲೆಕಾಳು ಗಾತ್ರದ ಕಲ್ಲು – 2 ಲೋಟ
ಕುಟ್ಟಿದ ಸೌದೆ ಇದ್ದಿಲು – 1 ಲೋಟ
ಹಳೆಯ ನೈಲಾನ್ ಸೊಳ್ಳೆಪರದೆಯ ತುಂಡು – 1
ಕೆಮ್ಮಣ್ಣು – 2 ಲೋಟ
ಜರಡಿ ಹಿಡಿದ ಎಲೆಗೊಬ್ಬರ – 2 ಲೋಟ
ತೊಳೆದ ದಪ್ಪ ಮರಳು – 1 ಲೋಟ
ಪುಟ್ಟ ಗಿಡಗಳು – 3 ಅಥವಾ 4

ಶೆಟ್ಟರ ಅಂಗಡಿಯಲ್ಲಿ ಪೆಪ್ಪರಮಿಂಟು ತುಂಬಿಡುವ ಗಾಜಿನ ಭರಣಿ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಉಪ್ಪಿನಕಾಯಿಯ ಗಾಜಿನ ಭರಣಿಯೂ ಆದೀತು. ಆದರೆ ಅದರಲ್ಲಿ ಒಂದಿಷ್ಟು ಉಪ್ಪು ಉಳಿದರೂ ಗಿಡ ಏಳುವುದಿಲ್ಲ. ಬಿಸಿನೀರಿಗೆ ಸೋಡಾಪುಡಿ ಹಾಕಿ ರಾತ್ರಿಯೆಲ್ಲ ನೆನೆಸಿಟ್ಟು, ಚೆನ್ನಾಗಿ ತೊಳೆದು, ವಾಸನೆ ಪೂರಾ ಹೋಗುವವರೆಗೆ ಬಿಸಿಲಿಗಿಡಿ. ಇದ್ದಿಲು ಇಸ್ತ್ರಿ ಅಂಗಡಿಯವರಲ್ಲಿ ಸಿಗುತ್ತದೆ. ಬೂದಿ ಹೋಗುವಂತೆ ಮೂರು ನೀರಿನಲ್ಲಿ ತೊಳೆಯಿರಿ. ನಿಮ್ಮದು ಎರೆಮಣ್ಣಿನ ಸೀಮೆಯಾದರೆ ಆ ಮಣ್ಣು ಬೇಡ, ನೀರು ಹಿಡಿದು ಅಂಟಾಗುತ್ತದೆ. ತೊಳೆದ ತೆಂಗಿನ ನಾರಿನ ಪುಡಿಗೆ ಎಲೆಗೊಬ್ಬರ, ಮರಳು ಬೆರೆಸಿಕೊಳ್ಳಿ. ಸಗಣಿ ಗೊಬ್ಬರ, ಯೂರಿಯಾ ಯಾವುದನ್ನೂ ಸೇರಿಸಬೇಡಿ. ಇಲ್ಲಿ ಗಿಡ ದಷ್ಟಪುಷ್ಟವಾಗಿ ಬೆಳೆದರೆ ಭರಣಿ ಸಾಲದು!

ಮಾಡುವ ವಿಧಾನ

ಮಣ್ಣಿನ ಮಿಶ್ರಣವನ್ನು ಹಳೇ ಹಾಳೆಯ ಮೇಲೆ ತೆಳ್ಳಗೆ ಹರಡಿ, ಹಪ್ಪಳ ಒಣಗಿಸಿದಂತೆ ಎರಡು ದಿನ ಬಿಸಿಲಲ್ಲಿಡಿ. ಹುಳುಹುಪ್ಪಟೆ ಕಡಿಮೆಯಾಗುತ್ತದೆ. ಆಮೇಲೆ ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ಒಂದು ಹನಿಯೂ ಬೀಳಬಾರದು. ಇದೇ ಹದ.

ಭರಣಿಯ ತಳಕ್ಕೆ ಒಂದು ಅಂಗುಲ ಕಲ್ಲು ಹಾಕಿ. ಭರಣಿಗೆ ಕುಂಡದಂತೆ ತೂತಿಲ್ಲವಲ್ಲ, ಹೆಚ್ಚಾದ ನೀರು ಇಳಿದು ನಿಲ್ಲಲು ಈ ಜಾಗ. ಕಲ್ಲಿನ ಮೇಲೆ ಅರ್ಧ ಅಂಗುಲ ಇದ್ದಿಲು. ಅದು ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ಪರದೆಯ ತುಂಡು ಹಾಸಿದರೆ ಮಣ್ಣು ಕೆಳಗಿಳಿಯುವುದಿಲ್ಲ. ಕಾಗದವನ್ನು ಆಲಿಕೆಯಂತೆ ಸುತ್ತಿ, ಅದರ ಮೂಲಕ ಎರಡು ಅಂಗುಲದಷ್ಟು ಮಣ್ಣು ಸುರಿಯಿರಿ. ಗಾಜು ಕೊಳೆಯಾಗುವುದಿಲ್ಲ.

ಉದ್ದ ಹಿಡಿಯ ಚಮಚದಿಂದ ಗುಳಿ ತೋಡಿ. ಗಿಡದ ಬೇರಿನ ಹಳೆಯ ಮಣ್ಣನ್ನು ಮೆಲ್ಲಗೆ ಉದುರಿಸಿ, ಗುಳಿಯಲ್ಲಿ ಕೂರಿಸಿ, ಸುತ್ತಲೂ ಅದುಮಿ. ಎಲೆ ಗಾಜಿಗೆ ತಾಕದಿರಲಿ, ತಾಕಿದ ಕಡೆ ಬೇಗ ಕೊಳೆಯುತ್ತದೆ. ಕೊನೆಗೆ ಮೂರು ನಾಲ್ಕು ಚಮಚ ನೀರನ್ನು ಗಾಜಿನ ಪಕ್ಕದಿಂದ ಇಳಿಸಿ, ಒಳಗೋಡೆಯನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ.

ಯಾವ ಗಿಡ ಸೈ, ಯಾವುದು ಬೇಡ?

ನೆರಳು, ತೇವ ಎರಡನ್ನೂ ಮೆಚ್ಚುವ, ಕುಳ್ಳಗೇ ಇರುವ ಗಿಡ ಬೇಕು. ಸಣ್ಣ ಜಾತಿಯ ಜರಿಗಿಡ, ಎಲೆಯ ಮೇಲೆ ಬಿಳಿ ಇಲ್ಲವೇ ಗುಲಾಬಿ ನರಗಳಿರುವ ಫಿಟೋನಿಯಾ, ಪೆಪರೋಮಿಯಾ, ಪೈಲಿಯಾ – ಇವು ನರ್ಸರಿಗಳಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ಕಾಂಪೌಂಡು ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹರಡುವ ಹಾವಸೆಯನ್ನು ಚಾಕುವಿನಿಂದ ಎಬ್ಬಿಸಿ ತಂದು ಮಣ್ಣಿಗೆ ಹೊದಿಸಿದರೆ ಭರಣಿಗೊಂದು ಮಲೆನಾಡೇ ಬಂದಂತೆ. ಆದರೆ ಪ್ರವಾಸ ಹೋದಾಗ ಕಾಡಿನ ಮರಗಳಿಂದ ಹಾವಸೆ, ಸೀತಾಳೆ ಗಿಡ ಕಿತ್ತು ತರಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಅಪರಾಧ. ಅಷ್ಟೇ ಅಲ್ಲ, ಕಾಡಿನ ತಂಪಿನಲ್ಲಿ ಬೆಳೆದದ್ದು ನಮ್ಮ ಮನೆಯಲ್ಲಿ ಉಳಿಯುವುದೂ ಅಪರೂಪ.

ತುಳಸಿ, ಗುಲಾಬಿ, ಮಲ್ಲಿಗೆಗೆ ಬಿಸಿಲು, ಗಾಳಿ ಬೇಕು, ಇಲ್ಲಿ ಬೇಡ. ಪಾಪಾಸುಕಳ್ಳಿಯಂಥ ರಸಭರಿತ ಗಿಡಗಳು ಮುಚ್ಚಿದ ಭರಣಿಯಲ್ಲಿ ಕೊಳೆತುಹೋಗುತ್ತವೆ. ಅವು ಬೇಕೆಂದರೆ ಮುಚ್ಚಳವಿಲ್ಲದ ಅಗಲ ಬೋಗುಣಿಯಲ್ಲಿ, ಮರಳು ಹೆಚ್ಚು ಬೆರೆಸಿದ ಮಣ್ಣಿನಲ್ಲಿ ಬೇರೆಯಾಗಿಯೇ ಇಡಿ. ಮನಿಪ್ಲಾಂಟು ಬದುಕುತ್ತದೆ, ಆದರೆ ನಾಲ್ಕು ತಿಂಗಳಲ್ಲಿ ಭರಣಿಯನ್ನೆಲ್ಲ ಆಕ್ರಮಿಸಿಬಿಡುತ್ತದೆ.

ಆರೈಕೆ: ಸುಮ್ಮನಿರುವುದೇ ಕಷ್ಟ

ಮಾಡುವುದು ಸುಲಭ, ಮಾಡಿದ ಮೇಲೆ ಸುಮ್ಮನಿರುವುದು ಕಷ್ಟ. ಬೆಳಗಾದರೆ ಎಲ್ಲರಿಗೂ ಹೊತ್ತುಹೊತ್ತಿಗೆ ಬಡಿಸಿ ರೂಢಿಯಾದ ಕೈ ನಮ್ಮದು. ಗಿಡ ಕಂಡರೂ ಒಂದು ಚೊಂಬು ನೀರು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಕೈಯನ್ನು ಕೇಳುವ ಬದಲು ಗಾಜನ್ನು ಕೇಳಿ:

ಬೆಳಿಗ್ಗೆ ಗಾಜಿನ ಮೇಲೆ ಸ್ವಲ್ಪ ಮಂಜು ಕಟ್ಟಿ, ಮಧ್ಯಾಹ್ನದ ಹೊತ್ತಿಗೆ ತಿಳಿಯಾದರೆ ಎಲ್ಲ ಸರಿಯಿದೆ. ಮುಟ್ಟಬೇಡಿ.
ದಿನವಿಡೀ ಒಳಗಿನ ಗಿಡವೇ ಕಾಣದಷ್ಟು ಮಂಜಿದ್ದರೆ ನೀರು ಹೆಚ್ಚಾಗಿದೆ. ಮುಚ್ಚಳ ತೆಗೆದು ಅರ್ಧ ದಿನ ಬಿಡಿ.
ನಾಲ್ಕೈದು ದಿನ ಮಂಜೇ ಕಟ್ಟದೆ, ಮಣ್ಣಿನ ಬಣ್ಣ ತಿಳಿಯಾದರೆ ಎರಡು ಚಮಚ ನೀರು ಹಾಕಿ, ಮರುದಿನ ನೋಡಿ.

ಹದ ಕೂಡಿಬಂದ ಮೇಲೆ ತಿಂಗಳುಗಟ್ಟಲೆ ನೀರು ಬೇಕಾಗುವುದಿಲ್ಲ. ಬೇಕಾದಾಗ ಮಳೆನೀರು, ಇಲ್ಲವೇ ಕುದಿಸಿ ಆರಿಸಿ ತಿಳಿ ಬಗ್ಗಿಸಿದ ನೀರು ಹಾಕಿ. ಗಡಸು ಬೋರ್‌ವೆಲ್ ನೀರು ಬಿಳಿ ಕಲೆ ಕಟ್ಟುತ್ತದೆ. ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನ ಸೋದರಿಯರಿಗೆ ಇದಕ್ಕಿಂತ ಮಿತವ್ಯಯದ ತೋಟ ಇನ್ನೊಂದಿಲ್ಲ.

ಇಡುವ ಜಾಗವೂ ಮುಖ್ಯ. ಪುಸ್ತಕ ಓದುವಷ್ಟು ಬೆಳಕು ಬರುವ ಕಿಟಕಿಯ ಹತ್ತಿರ ಇಡಿ. ಉತ್ತರದ ಕಿಟಕಿ ಉತ್ತಮ. ನೇರ ಬಿಸಿಲು ಮಾತ್ರ ಬೀಳಲೇಬಾರದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕೂತು ನೋಡಿದ್ದೀರಲ್ಲ? ಮುಚ್ಚಿದ ಭರಣಿಯಲ್ಲೂ ಶಾಖ ಹಾಗೆಯೇ ಏರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಗಿಡ ಬೆಂದುಹೋದೀತು. ಕಲಬುರಗಿ, ರಾಯಚೂರಿನ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ಭರಣಿಯನ್ನು ಮನೆಯ ಅತಿ ತಂಪಾದ ಕೋಣೆಗೆ ಸಾಗಿಸಿ, ಮುಚ್ಚಳವನ್ನು ಚೂರು ಓರೆ ಮಾಡಿಡಿ. ಕತ್ತಲೆ ಕೋಣೆಯಾದರೆ ಒಂದಡಿ ಮೇಲೆ ಎಲ್‌ಇಡಿ ದೀಪವನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿದರೂ ನಡೆಯುತ್ತದೆ.

ತೊಂದರೆ ಬಂದರೆ

ಬಿಳಿ ಬೂಷ್ಟು: ಹೊಸದರಲ್ಲಿ ಬರುವುದುಂಟು, ಗಾಬರಿ ಬೇಡ. ಬೂಷ್ಟು ಹಿಡಿದ ಎಲೆಯನ್ನು ತೆಗೆದು ಒಂದೆರಡು ದಿನ ಗಾಳಿಯಾಡಿಸಿ.
ಎಲೆ ಹಳದಿ, ಕಾಂಡ ಮೆತ್ತಗೆ: ನೀರು ಹೆಚ್ಚಾಗಿದೆ. ಮೆತ್ತಗಾದ ಗಿಡವನ್ನು ಬೇರುಸಹಿತ ತೆಗೆದುಬಿಡಿ, ಉಳಿದವು ಬದುಕುತ್ತವೆ.
ಗಿಡ ಸಣಕಲಾಗಿ ಉದ್ದ ಬೆಳೆದರೆ: ಬೆಳಕು ಸಾಲದು. ತುದಿ ಕತ್ತರಿಸಿ, ಕಿಟಕಿಯ ಸಮೀಪಕ್ಕೆ ಸರಿಸಿ.
ಕೊಳಚೆ ವಾಸನೆ: ತಳದಲ್ಲಿ ನೀರು ನಿಂತು ಬೇರು ಕೊಳೆತಿದೆ. ಎಲ್ಲ ತೆಗೆದು ಹೊಸ ಮಣ್ಣಿನಲ್ಲಿ ಮತ್ತೆ ನೆಡುವುದೇ ಲೇಸು.

ಮೂರು ನಾಲ್ಕು ತಿಂಗಳಿಗೊಮ್ಮೆ ಮುಚ್ಚಳ ತೆಗೆದು, ಅತಿಯಾಗಿ ಬೆಳೆದ ಕುಡಿಗಳನ್ನು ಸಣ್ಣ ಕತ್ತರಿಯಿಂದ ಸವರಿ. ಆ ಕುಡಿಗಳನ್ನು ಎಸೆಯಬೇಡಿ. ಒದ್ದೆ ಮಣ್ಣಿಗೆ ಚುಚ್ಚಿದರೆ ಫಿಟೋನಿಯಾ, ಪೈಲಿಯಾ ಸುಲಭವಾಗಿ ಬೇರು ಬಿಡುತ್ತವೆ. ಇನ್ನೊಂದು ಭರಣಿಗೆ ಬೀಜಬಂಡವಾಳ ಸಿಕ್ಕಂತಾಯಿತು. ಹೊಸದಾಗಿ ಸಂಸಾರ ಹೂಡಿದ ಮಗಳಿಗೋ, ನಿವೃತ್ತರಾಗಿ ಒಬ್ಬರೇ ಇರುವ ಅತ್ತೆಗೋ ಕೊಡಲು ಇದು ಒಳ್ಳೆಯ ಉಡುಗೊರೆ. ಕೊಡುವಾಗ "ನೀರು ಹಾಕಬೇಡಿ, ಗಾಜು ನೋಡಿ" ಎಂದು ಒಂದು ಚೀಟಿಯಲ್ಲಿ ಬರೆದು ಭರಣಿಗೆ ಅಂಟಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರ ಕೈಗೆಟುಕದ ಗಟ್ಟಿ ಕಪಾಟಿನ ಮೇಲಿಡಿ.

ಈ ಬಾರಿ ರಜೆಗೆ ಹೊರಡುವ ಒಂದು ತಿಂಗಳ ಮೊದಲೇ ಭರಣಿ ಸಿದ್ಧಮಾಡಿ. ಆ ಒಂದು ತಿಂಗಳಲ್ಲಿ ಮಂಜಿನ ಹದ ನಿಮಗೆ ತಿಳಿಯುತ್ತದೆ. ಆಮೇಲೆ ಮುಚ್ಚಳ ಹಾಕಿ, ಬಿಸಿಲು ಬೀಳದ ಕಿಟಕಿಯ ಹತ್ತಿರ ಇಟ್ಟು, ಆ ಕಿಟಕಿಯ ಪರದೆಯನ್ನು ಪೂರಾ ಎಳೆಯದೆ, ನಿಶ್ಚಿಂತೆಯಿಂದ ತವರಿಗೆ ಹೋಗಿಬನ್ನಿ. ಈ ಸಲ ಪಕ್ಕದ ಮನೆಯವರಿಗೆ ಕೀಲಿಕೈ ಕೊಟ್ಟು, "ದಿನಾ ಒಂದಿಷ್ಟು ನೀರು ಹಾಕ್ರೀ" ಎಂದು ಹೇಳಿಹೋಗುವುದು ಮಾತ್ರ ಬೇಡ.