ಬೆಲ್ಟ್ ಬದಲಿಸುವ ಮುನ್ನ ಪುಲ್ಲಿ ನೋಡಿ

ಹಳೆ ಲಾರಿಯ ಇಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಒಂದೋ ಎರಡೋ ರಬ್ಬರ್ ಬೆಲ್ಟುಗಳು ವಾಟರ್ ಪಂಪು, ಫ್ಯಾನು, ಆಲ್ಟರ್ನೇಟರನ್ನು ತಿರುಗಿಸುತ್ತವೆ. ಕೆಲವು ಇಂಜಿನುಗಳಲ್ಲಿ ಏರ್ ಬ್ರೇಕಿನ ಕಂಪ್ರೆಸರಿಗೂ ಬೆಲ್ಟೇ ಆಧಾರ. ಬೆಲ್ಟಿನ ದೌರ್ಬಲ್ಯ ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ಗೊತ್ತಾಗುತ್ತದೆ. ಆಳಿಯಾರಿನಿಂದ ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದ ಕಡೆಯಿಂದ ತರಕಾರಿ ಹೊತ್ತು ಸತ್ಯಮಂಗಲಕ್ಕೆ ಇಳಿಯುವ ಲಾರಿಗಳು ಹಾದುಹೋಗುವ ದಿಂಬಂ ಘಾಟಿಯಲ್ಲಿ 27. ತುಂಬಿದ ಲಾರಿ ಕೆಳಗಿನ ಗೇರಿನಲ್ಲಿ ಹತ್ತುವಾಗ ಇಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ನಿಧಾನ. ಎದುರುಗಾಳಿ ರೇಡಿಯೇಟರಿಗೆ ಬಡಿಯುವುದಿಲ್ಲ. ಇಂಜಿನ್ ತಣ್ಣಗಿಡುವ ಭಾರವೆಲ್ಲ ಫ್ಯಾನಿನ ಮೇಲೆ, ಅಂದರೆ ಆ ಬೆಲ್ಟಿನ ಮೇಲೆ ಬೀಳುತ್ತದೆ.

ಬೆಲ್ಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹಳೆಯ ಗಾಡಿಗೆ ಸರಿಯಾದ ಪುಲ್ಲಿ ಹಾಗೆ ಸಿಗುವುದಿಲ್ಲ. ಅದನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದಾದ ಊರುಗಳಲ್ಲಿ ಕೊಯಮತ್ತೂರು ಮುಖ್ಯವಾದದ್ದು.

ಈ ಊರಿಗೂ ಬೆಲ್ಟಿಗೂ ಹಳೆಯ ನಂಟು. ರಾಬರ್ಟ್ ಸ್ಟೇನ್ಸ್ 1888ರಲ್ಲಿ ಇಲ್ಲಿ ನೂಲಿನ ಗಿರಣಿ ತೆರೆದ ಕಾಲಕ್ಕೆ, ಒಂದೇ ಉದ್ದನೆಯ ಶಾಫ್ಟಿನಿಂದ ಚಪ್ಪಟೆ ಬೆಲ್ಟುಗಳ ಮೂಲಕ ಯಂತ್ರಗಳಿಗೆಲ್ಲ ಶಕ್ತಿ ಹಂಚುವುದು ಗಿರಣಿಗಳ ಪದ್ಧತಿಯಾಗಿತ್ತು. 1932ರಲ್ಲಿ ಪೈಕಾರ ವಿದ್ಯುತ್ ಬಂದ ಮೇಲೆ ಗಿರಣಿಗಳು ಹೆಚ್ಚಿದವು, ಅವುಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳೂ ಹೆಚ್ಚಿದವು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಬಸ್ ಓಡಿಸಿದ ಜಿ.ಡಿ. ನಾಯ್ಡು, 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಂದಿಗೆ ಸೇರಿ ತಯಾರಿಸಿದ ವಿದ್ಯುತ್ ಮೋಟಾರು ದೇಶದ ಮೊದಲ ಸ್ವದೇಶಿ ಮೋಟಾರೆಂದು ಹೆಸರಾಯಿತು. ಮುಂದೆ ಬಾವಿಯ ಪಂಪು, ಹಿಟ್ಟು ರುಬ್ಬುವ ವೆಟ್ ಗ್ರೈಂಡರು, ಸೋಮನೂರು ಮತ್ತು ಪಲ್ಲಡಂನ ಪವರ್‌ಲೂಮುಗಳು ಬಂದವು. ಗ್ರೈಂಡರಿಗೂ ಮಗ್ಗಕ್ಕೂ ಒಂದು ಮೋಟಾರು, ಒಂದು ವಿ-ಬೆಲ್ಟು, ಎರಡು ಪುಲ್ಲಿ ಬೇಕೇ ಬೇಕು. ಊರಿನ ಗಣಪತಿ, ಪೀಳಮೇಡು, ಕುರಿಚ್ಚಿ ಬಡಾವಣೆಗಳ ಲೇತುಗಳ ಕೈ ಪಳಗಿದ್ದು ಇಂಥ ಕೆಲಸದಲ್ಲಿ. ಲಾರಿಗೆ ಒದಗುತ್ತಿರುವುದೂ ಅದೇ ಕೈಚಳಕ.

ಬೆಲ್ಟಿನ ಆಯ್ಕೆ ಅಡ್ಡಕೊಯ್ತದಿಂದ ಶುರುವಾಗುತ್ತದೆ. ಎ ಬೆಲ್ಟಿನ ಮೇಲ್ಭಾಗದ ಅಗಲ 13 ಮಿ.ಮೀ., ದಪ್ಪ 8 ಮಿ.ಮೀ.; ಬಿ ಬೆಲ್ಟು 17ಕ್ಕೆ 11. ವಾಹನಗಳಿಗೆಂದೇ ಬರುವ ಹಲ್ಲಿನ ಬೆಲ್ಟಿನ ಮೇಲೆ ಎವಿಎಕ್ಸ್ 10, ಎವಿಎಕ್ಸ್ 13 ಎಂದಿರುತ್ತದೆ. ಅಂಕಿ ಅಗಲವನ್ನು ಹೇಳುತ್ತದೆ. ಉದ್ದದ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ಎ 36 ಎಂದರೆ ಒಳಸುತ್ತಳತೆ 36 ಇಂಚು. ಎವಿಎಕ್ಸ್ ಬೆಲ್ಟಿನ ಮಿಲಿಮೀಟರ್ ಲೆಕ್ಕ ಹೊರಸುತ್ತಳತೆಯದು. 8 ಮಿ.ಮೀ. ದಪ್ಪದ ಬೆಲ್ಟಿನಲ್ಲಿ ಒಳ ಮತ್ತು ಹೊರ ಸುತ್ತಳತೆಗೆ ಸುಮಾರು 50 ಮಿ.ಮೀ. ವ್ಯತ್ಯಾಸ ಬರುತ್ತದೆ. ಆಲ್ಟರ್ನೇಟರ್ ಸರಿಸಿ ಹೊಂದಿಸುವ ಜಾಗವನ್ನೆಲ್ಲ ಈ ವ್ಯತ್ಯಾಸವೇ ನುಂಗಿಬಿಡಬಹುದು. ಹಳೆ ಬೆಲ್ಟು ಹಿಗ್ಗಿರುತ್ತದೆ, ಅದನ್ನು ಅಳೆದು ಹೊಸದನ್ನು ಕೊಳ್ಳುವುದೂ ಸರಿಯಲ್ಲ. ಆಲ್ಟರ್ನೇಟರನ್ನು ಇಂಜಿನ್ನಿನ ಕಡೆಗೆ ಒತ್ತಿಟ್ಟು, ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆಯುವುದು ಮೇಲು.

ಇನ್ನು ಪುಲ್ಲಿಯ ಗ್ರೂವ್. ಇಡೀ ವಿಷಯದ ಜೀವಾಳ ಇಲ್ಲಿದೆ. ವಿ-ಬೆಲ್ಟು ಕೆಲಸ ಮಾಡುವುದು ತಳದಿಂದಲ್ಲ, ಎರಡು ಪಕ್ಕೆಗಳಿಂದ. ಎಳೆತಕ್ಕೆ ಬೆಲ್ಟು ಬೆಣೆಯಂತೆ ಗ್ರೂವಿನೊಳಗೆ ಸಿಕ್ಕಿಕೊಳ್ಳುತ್ತದೆ. ಗ್ರೂವಿನ ಕೋನ 36 ಡಿಗ್ರಿ ಇದ್ದರೆ ಅದರ ಹಿಡಿತ ಅದೇ ಬಿಗಿಯ ಚಪ್ಪಟೆ ಬೆಲ್ಟಿನ ಮೂರು ಪಟ್ಟಿಗಿಂತ ಹೆಚ್ಚು. ಬೆಲ್ಟಿನ ಕೋನ 40 ಡಿಗ್ರಿ ಇದ್ದರೂ ಗ್ರೂವನ್ನು 40ಕ್ಕೆ ಕೊರೆಯುವುದಿಲ್ಲ. ಪುಲ್ಲಿಯ ಸುತ್ತ ಬಾಗುವಾಗ ಬೆಲ್ಟಿನ ಒಳಮೈ ಒತ್ತಿ ಉಬ್ಬುತ್ತದೆ, ಮೇಲ್ಮೈ ಹಿಗ್ಗಿ ಕಿರಿದಾಗುತ್ತದೆ, ಕೋನ ಸಣ್ಣದಾಗುತ್ತದೆ. ಪುಲ್ಲಿ ಚಿಕ್ಕದಾದಷ್ಟೂ ಈ ಬದಲಾವಣೆ ಹೆಚ್ಚು. ಆದ್ದರಿಂದ ಎ ಬೆಲ್ಟಿನ ಪುಲ್ಲಿ 118 ಮಿ.ಮೀ. ವ್ಯಾಸದವರೆಗೆ ಇದ್ದರೆ ಗ್ರೂವಿಗೆ 34 ಡಿಗ್ರಿ, ಅದಕ್ಕಿಂತ ದೊಡ್ಡದಾದರೆ 38. ಬಿ ಬೆಲ್ಟಿಗೆ ಈ ಗಡಿ 190 ಮಿ.ಮೀ.

ವರ್ಷಗಟ್ಟಲೆ ಓಡಿದ ಪುಲ್ಲಿಯ ಗ್ರೂವಿನ ಗೋಡೆ ನೇರವಾಗಿ ಉಳಿಯದೆ ಒಳಕ್ಕೆ ಬಟ್ಟಲಿನಂತೆ ಸವೆಯುತ್ತದೆ. ಸವೆತ 0.8 ಮಿ.ಮೀ. ಮುಟ್ಟಿತೆಂದರೆ ಪುಲ್ಲಿಯ ಆಯುಸ್ಸು ಮುಗಿಯಿತು. ಬೆಲ್ಟು ಕೆಳಗೆ ಜಾರಿ ತಳ ಮುಟ್ಟುತ್ತದೆ, ಬೆಣೆಯ ಹಿಡಿತ ಹೋಗುತ್ತದೆ, ಜಾರಿ ಕಿರುಚಲು ತೊಡಗುತ್ತದೆ. ಗ್ರೂವಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ನಡೆಯುವುದೇ ಬೇರೆ. ಬೆಲ್ಟು ಹೊಸದು ಹಾಕುತ್ತಾರೆ, ಅದೂ ಕಿರುಚಿದಾಗ ಇನ್ನಷ್ಟು ಬಿಗಿ ಮಾಡುತ್ತಾರೆ, ಬಿಗಿಯಾದ ಬೆಲ್ಟು ವಾಟರ್ ಪಂಪಿನ ಬೇರಿಂಗನ್ನು ತಿನ್ನುತ್ತದೆ, ಪಂಪು ಸೋರುತ್ತದೆ. ಮಾಲಿಕ ಬೆಲ್ಟಿಗೆ, ಬೇರಿಂಗಿಗೆ, ಪಂಪಿಗೆ ಹಣ ತೆತ್ತರೂ ತಪ್ಪಿತಸ್ಥ ಪುಲ್ಲಿ ಅಲ್ಲೇ ಕೂತಿರುತ್ತದೆ.

ಹೊಸ ಪುಲ್ಲಿಗೆ ಬೀಡು ಕಬ್ಬಿಣವೇ ರೂಢಿ. ಮರದ ಅಚ್ಚಿನಿಂದ ಮರಳಿನಲ್ಲಿ ಗುರುತು ಮೂಡಿಸಿ ಎರಕ ಹೊಯ್ದು, ಆರಿದ ಮೇಲೆ ಲೇತಿಗೆ ಏರಿಸುತ್ತಾರೆ. ಮೊದಲು ನಡುವಿನ ರಂಧ್ರ, ಆಮೇಲೆ ಹೊರಮೈ. ಗ್ರೂವಿಗೆ ಬಂದಾಗ ಟರ್ನರ್ ಉಳಿ ಹಿಡಿದ ಮೇಲಿನ ಸ್ಲೈಡನ್ನು ಅರ್ಧಕೋನಕ್ಕೆ, ಅಂದರೆ 34 ಡಿಗ್ರಿ ಗ್ರೂವಿಗೆ 17 ಡಿಗ್ರಿಗೆ, ತಿರುಗಿಸಿ ಬಿಗಿಯುತ್ತಾನೆ. ಒಂದು ಗೋಡೆ ತೆಗೆದ ಮೇಲೆ ಸ್ಲೈಡನ್ನು ಅಷ್ಟೇ ಡಿಗ್ರಿ ಆಚೆಗೆ ತಿರುಗಿಸಿ ಇನ್ನೊಂದು ಗೋಡೆ. ನಡುನಡುವೆ ಹೊಸ ಬೆಲ್ಟಿನ ತುಂಡನ್ನು ಗ್ರೂವಿನಲ್ಲಿ ಕೂರಿಸಿ ನೋಡುವುದುಂಟು. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿರಬೇಕು, ತಳದಲ್ಲಿ ಖಾಲಿ ಜಾಗ ಉಳಿದಿರಬೇಕು. ಗೋಡೆ ನುಣುಪಾಗಿರಬೇಕು, ಉಳಿಯ ಗೀರು ಉಳಿದರೆ ಅದು ಅರದಂತೆ ಬೆಲ್ಟನ್ನು ಉಜ್ಜುತ್ತದೆ. ಒಂದು ಎಚ್ಚರಿಕೆ: ಕೆಲವು ಇಂಜಿನುಗಳ ಕ್ರ್ಯಾಂಕ್ ಪುಲ್ಲಿಯೊಳಗೆ ಕಂಪನ ತಡೆಯುವ ರಬ್ಬರಿನ ಡ್ಯಾಂಪರ್ ಇರುತ್ತದೆ. ಅದರ ಜಾಗಕ್ಕೆ ಬರೀ ಬೀಡಿನ ಪುಲ್ಲಿ ಹಾಕಿದರೆ ಕ್ರ್ಯಾಂಕ್ ಶಾಫ್ಟೇ ಮುರಿಯುವ ಅಪಾಯವಿದೆ.

ವ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ ಗಾಡಿಗಳಲ್ಲಿ ಈ ಲೆಕ್ಕ ಮುಖ್ಯ. ಕ್ರ್ಯಾಂಕ್ ಪುಲ್ಲಿ 200 ಮಿ.ಮೀ., ಆಲ್ಟರ್ನೇಟರಿನದು 80 ಇದ್ದರೆ ವೇಗ ಎರಡೂವರೆ ಪಟ್ಟು: ಗಾಡಿ ನಿಂತಲ್ಲೇ ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಆಲ್ಟರ್ನೇಟರ್ 1500 ಸುತ್ತುತ್ತದೆ. ಹಳೆ ಡೈನಮೋದ ದೊಡ್ಡ ಪುಲ್ಲಿಯನ್ನೇ ಉಳಿಸಿಕೊಂಡರೆ ಬ್ಯಾಟರಿ ಚಾರ್ಜ್ ಆಗುವುದು ತಡವಾಗುತ್ತದೆ. ತೀರಾ ಚಿಕ್ಕದು ಹಾಕಿದರೆ ಬೆಲ್ಟು ತಬ್ಬುವ ಭಾಗ ಕಡಿಮೆಯಾಗಿ ಜಾರುತ್ತದೆ. ಫ್ಯಾನಿನ ವೇಗವನ್ನು ಶೇ. 10 ಹೆಚ್ಚಿಸಿದರೆ ಅದು ನುಂಗುವ ಶಕ್ತಿ ಶೇ. 33 ಹೆಚ್ಚುತ್ತದೆ. ಅದು ಡೀಸೆಲ್ ಲೆಕ್ಕದಲ್ಲಿ ಬರುವ ನಷ್ಟ.

ಜೋಡಿಸುವಾಗ ಪುಲ್ಲಿಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಮುಖಕ್ಕೆ ದಾರ ಹಿಡಿದರೆ ಗೊತ್ತಾಗುತ್ತದೆ. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ದಾರಗಳು ಹರಿಯುತ್ತವೆ. ಜೋಡಿ ಬೆಲ್ಟಿನಲ್ಲಿ ಒಂದು ಹೋದರೂ ಎರಡನ್ನೂ ಬದಲಿಸಬೇಕು.

ಹೊಸ ಲಾರಿಗಳಲ್ಲಿ ಹಲವು ಸಣ್ಣ ಏಣುಗಳ ಅಗಲ ಬೆಲ್ಟು ಬಂದಿದೆ. ಬಿಗಿಯನ್ನು ಸ್ಪ್ರಿಂಗಿನ ಟೆನ್ಷನರ್ ತಾನೇ ನೋಡಿಕೊಳ್ಳುತ್ತದೆ, ಪುಲ್ಲಿ ಕಂಪನಿಯ ಡಬ್ಬಿಯಲ್ಲೇ ಬರುತ್ತದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಹಳೆ ಗಾಡಿ ಕಡಿಮೆಯಾದಂತೆ ಒಂದೇ ಒಂದು ಪುಲ್ಲಿಗಾಗಿ ಲೇತು ಓಡಿಸುವ ಸಣ್ಣ ಅಂಗಡಿಯ ಕೆಲಸವೂ ಕಡಿಮೆಯಾಗುತ್ತದೆ. ಅಲ್ಲಿನ ಕಸುಬು ಉಳಿಯಬೇಕಾದದ್ದು. ಹಳೆ ಲಾರಿ ಇಟ್ಟುಕೊಂಡವರು ಸವೆದ ಪುಲ್ಲಿಯನ್ನು ಗುಜರಿಗೆ ಎಸೆಯದೆ, ಹೊಸ ಬೆಲ್ಟಿನೊಂದಿಗೆ ಲೇತಿನ ಅಂಗಡಿಗೆ ಒಯ್ಯಲಿ. ಅಳತೆಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ.