ಟ್ರ್ಯಾಕ್ ತರಬೇತಿ: ಬೋಧಕರ ಕಾಲಡಿ ಬ್ರೇಕ್ ಇಲ್ಲ

ಮೈಸೂರಿನ ಚಾಮರಾಜಪುರಂ ಬೀದಿಗಳಲ್ಲಿ ಎಲ್ ಫಲಕದ ಕಾರು ಎಡವಟ್ಟು ಮಾಡಿದರೆ ಬೋಧಕರು ತಮ್ಮ ಕಾಲಡಿಯ ಬ್ರೇಕ್ ಒತ್ತುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಚಾಲನಾ ತರಬೇತಿ ಶಾಲೆಯ ಕಾರಿಗೆ ಈ ಜೋಡಿ ನಿಯಂತ್ರಣ ಕಡ್ಡಾಯ.

ಕೊಯಮತ್ತೂರು, ಚೆನ್ನೈಗಳ ರೇಸ್ ಟ್ರ್ಯಾಕ್‌ಗೆ ಹವ್ಯಾಸಿಗಳು ಒಯ್ಯುವ ಸ್ವಂತ ಕಾರಿನಲ್ಲಿ ಸಾಮಾನ್ಯವಾಗಿ ಎರಡನೇ ಬ್ರೇಕ್ ಇರುವುದಿಲ್ಲ. ಪಕ್ಕದಲ್ಲಿ ಕೂರುವ ಬೋಧಕರಿಗೆ ಮಾತೊಂದೇ ಆಸರೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಆ ಮಾತು ಚಾಲಕನ ಕಿವಿಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ತಿರುವು ಎದುರಿಗೇ ಬಂದಿರುತ್ತದೆ.

ನುರಿತವರೂ ಈ ಅಪಾಯಕ್ಕೆ ಹೊರತಲ್ಲ. ಪೋರ್ಷೆ ಸೂಪರ್‌ಕಪ್ ಸರಣಿಯಲ್ಲಿ ಮುಂಚೂಣಿಯಲ್ಲಿದ್ದ ಬ್ರಿಟನ್ನಿನ ಶಾನ್ ಎಡ್ವರ್ಡ್ಸ್ 2013ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರೇಸ್‌ವೇಯಲ್ಲಿ, ಪಕ್ಕದ ಆಸನದಲ್ಲಿ ಕುಳಿತು ತರಬೇತಿ ನೀಡುತ್ತಿದ್ದಾಗಲೇ ಅಪಘಾತಕ್ಕೀಡಾಗಿ ಮೃತಪಟ್ಟರು.

ಕೆಲವೆಡೆ ಬೋಧಕರು ಮುಂದಿನ ಕಾರಿನಲ್ಲಿ ಸಾಗುತ್ತ ರೇಡಿಯೊ ಮೂಲಕ ಕಲಿಸುವುದುಂಟು. ಶಿಷ್ಯನ ಕಾಲು ಯಾವ ಪೆಡಲ್ ಮೇಲಿದೆ ಎಂಬುದು ಮಾತ್ರ ಅಲ್ಲಿಂದ ಕಾಣದು.